ಟಿ. ಚೌಡಯ್ಯ
ತಿರುಮಕೂಡಲು ಚೌಡಯ್ಯ (1895–1967) ಕರ್ನಾಟಕ ಸಂಗೀತದ ಪ್ರಸಿದ್ಧ ಪಿಟೀಲು ವಿದ್ವಾಂಸರು. ಮೈಸೂರು ಜಿಲ್ಲೆಯ ತಿ. ನರಸೀಪುರದ ಬಳಿ, ಕಾವೇರಿ-ಕಪಿಲಾ ಸಂಗಮದ ತಿರುಮಕೂಡಲಿನಲ್ಲಿ ಜನಿಸಿದ ಇವರು ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿದರು.

ಧ್ವನಿವರ್ಧಕ ಬಳಕೆಗೆ ಬರುವ ಮುನ್ನ, ಗಾಯಕರ ತುಂಬುಕಂಠದೆದುರು ಪಿಟೀಲಿನ ನಾದ ಸಭೆಯ ಹಿಂದಿನ ಸಾಲುಗಳನ್ನು ತಲುಪುತ್ತಿರಲಿಲ್ಲ. ಪಕ್ಕವಾದ್ಯಗಾರರಿಗೆ ಇದು ಸಣ್ಣ ಕೊರತೆಯೇನಲ್ಲ. ಚೌಡಯ್ಯನವರು ನಾಲ್ಕು ತಂತಿಗಳೊಡನೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಜೋಡಿ ತಂತಿಗಳ ಮೇಲೆ ಒಮ್ಮೆಗೇ ಕಮಾನು ಹರಿದಾಗ ನಾದ ಗಂಭೀರವಾಗಿ ತುಂಬಿಕೊಳ್ಳುತ್ತಿತ್ತು; ಶ್ರುತಿ ಕೂಡಿಸುವ, ಬೆರಳಿಡುವ ಶ್ರಮವೂ ಅಷ್ಟೇ ಹೆಚ್ಚಿತು. ಮುಂದೆ 19 ತಂತಿಗಳ ಪಿಟೀಲನ್ನೂ ಪ್ರಯೋಗಿಸಿದರು.

ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದವರಿಗೆ ಪಕ್ಕವಾದ್ಯ ನುಡಿಸಿದ ಇವರಿಗೆ 1957ರಲ್ಲಿ ಮದ್ರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ದೊರೆಯಿತು. ಬೆಂಗಳೂರಿನಲ್ಲಿ ಇವರ ಹೆಸರಿನ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿದೆ.