ಶ್ರೀ ನಾರಾಯಣ ಗುರು: ಅದ್ವೈತದಿಂದ ಸಮಾಜ ಸುಧಾರಣೆಗೆ

ಎಲ್ಲರಲ್ಲಿರುವ ಆತ್ಮ ಒಂದೇ ಎಂಬುದು ಅದ್ವೈತ ದರ್ಶನದ ತಿರುಳು. ಆದರೆ ಶಂಕರಾಚಾರ್ಯರ ಜನ್ಮಭೂಮಿಯಾದ ಕೇರಳದಲ್ಲಿಯೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಒಬ್ಬ ಮನುಷ್ಯ ಮತ್ತೊಬ್ಬನಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಅಲ್ಲಿ ಮುಟ್ಟುವುದಷ್ಟೇ ಅಲ್ಲ, ಸಮೀಪ ಬರುವುದೂ ಮೈಲಿಗೆ. ಗ್ರಂಥದ ಅದ್ವೈತಕ್ಕೂ ಬೀದಿಯ ಬದುಕಿಗೂ ನಡುವಿನ ಈ ಅಂತರವನ್ನು ಅಳಿಸುವುದೇ ಶ್ರೀ ನಾರಾಯಣ ಗುರುಗಳ ಜೀವಿತಕಾರ್ಯವಾಯಿತು.

ಗುರುಗಳು ಜನಿಸಿದ್ದು 1850ರ ದಶಕದ ಮಧ್ಯಭಾಗದಲ್ಲಿ, ತಿರುವನಂತಪುರದ ಸಮೀಪದ ಚೆಂಬಳಂತಿಯಲ್ಲಿ. ಮನೆಯವರು ಕರೆಯುತ್ತಿದ್ದ ಹೆಸರು ನಾಣು. ತಂದೆ ಮಾಡನ್ ಆಶಾನ್ ಉಪಾಧ್ಯಾಯರು. ಸೋದರಮಾವ ಆಯುರ್ವೇದ ವೈದ್ಯರು. ಕುಟುಂಬ ದೇವಾಲಯ ಪ್ರವೇಶವಿಲ್ಲದ ಈಳವ ಸಮುದಾಯಕ್ಕೆ ಸೇರಿದ್ದರೂ ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಸಂಸ್ಕೃತ ವ್ಯಾಸಂಗದ ಬಳಿಕ ನಾಣು ಕೆಲಕಾಲ ಮಕ್ಕಳಿಗೆ ಪಾಠ ಹೇಳಿದರು. ಅನಂತರ ಪರಿವ್ರಾಜಕರಾಗಿ ಅಲೆದು, ಮರುತ್ವಾಮಲೆಯ ಗುಹೆಯಲ್ಲಿ ತಪಸ್ಸು ಮಾಡಿದರು. ಚಟ್ಟಂಬಿ ಸ್ವಾಮಿಗಳ ಸ್ನೇಹವೂ ತೈಕ್ಕಾಡ್ ಅಯ್ಯಾವು ಅವರಿಂದ ದೊರೆತ ಯೋಗಶಿಕ್ಷಣವೂ ಈ ಅವಧಿಯವು.

1888ರ ಶಿವರಾತ್ರಿಯಂದು, ನೆಯ್ಯಾರ್ ನದಿಯ ದಡದ ಅರುವಿಪ್ಪುರಂನಲ್ಲಿ, ಅವರು ಹೊಳೆಯಿಂದ ತೆಗೆದ ಒಂದು ಕಲ್ಲನ್ನು ಶಿವನೆಂದು ಪ್ರತಿಷ್ಠಾಪಿಸಿದರು. ಪ್ರತಿಷ್ಠೆ ಮಾಡುವ ಅಧಿಕಾರ ಬ್ರಾಹ್ಮಣರದೆಂಬ ಆಕ್ಷೇಪ ಬಂದಾಗ, ತಾವು ಸ್ಥಾಪಿಸಿದ್ದು ಈಳವರ ಶಿವನನ್ನೆಂದು ಅವರು ಶಾಂತವಾಗಿ ನುಡಿದರೆಂಬುದು ಪ್ರಸಿದ್ಧ. ಕೇಳಲು ಹಾಸ್ಯವೆನಿಸಿದರೂ, ದೇವರಿಗೂ ಜಾತಿಯಿದೆಯೇ ಎಂಬ ಪ್ರಶ್ನೆಯನ್ನು ಆ ಉತ್ತರ ಆಕ್ಷೇಪಿಸಿದವರಿಗೇ ಹಿಂದಿರುಗಿಸಿತು. ಜಾತಿಭೇದವಾಗಲಿ ಮತದ್ವೇಷವಾಗಲಿ ಇಲ್ಲದೆ ಎಲ್ಲರೂ ಸೋದರರಂತೆ ಬಾಳುವ ಮಾದರಿ ಸ್ಥಳ ಇದೆಂದು ಅಲ್ಲಿ ಬರೆಸಿದರು.

ಈ ವಿಚಾರಕ್ಕೆ ಸಂಘಟನೆಯ ರೂಪ ಕೊಟ್ಟವರಲ್ಲಿ ಪ್ರಮುಖರು ಒಬ್ಬ ವೈದ್ಯರು. ಡಾ. ಪದ್ಮನಾಭನ್ ಪಲ್ಪು ಅವರಿಗೆ ತವರಾದ ತಿರುವಾಂಕೂರಿನಲ್ಲಿ ವೈದ್ಯಶಿಕ್ಷಣಕ್ಕೆ ಅವಕಾಶ ದೊರೆಯಲಿಲ್ಲ. ಮದರಾಸಿನಲ್ಲಿ ಓದಿ ಪದವಿ ಪಡೆದು ಬಂದರೂ ಅಲ್ಲಿ ಕೆಲಸ ಸಿಗಲಿಲ್ಲ. ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರನ್ನು ಪ್ಲೇಗ್ ಕಾಡಿದಾಗ ಅವರು ಜೀವದ ಹಂಗು ತೊರೆದು ದುಡಿದರು. ಅದಕ್ಕೆ ಎರಡು ವರ್ಷ ಮೊದಲು, 1896ರಲ್ಲಿ, ಈಳವರಿಗೆ ಶಾಲೆ ಮತ್ತು ಸರ್ಕಾರಿ ಉದ್ಯೋಗದ ಬಾಗಿಲು ತೆರೆಯಬೇಕೆಂದು 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ್ದರು, ಅದು ಫಲಿಸಲಿಲ್ಲ. ಗುರುಗಳ ಶಿಷ್ಯ, ಕವಿ ಕುಮಾರನ್ ಆಶಾನ್ ಪಲ್ಪು ಅವರ ಆಶ್ರಯದಲ್ಲಿಯೇ ಬೆಂಗಳೂರಿನಲ್ಲಿ ಸಂಸ್ಕೃತ ಓದಿದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾದಾಗ ಗುರುಗಳು ಅಧ್ಯಕ್ಷರಾದರು, ಆಶಾನ್ ಕಾರ್ಯದರ್ಶಿಯಾದರು.

ಗುರುಗಳ ಸುಧಾರಣೆ ಹೊರಗಿನವರನ್ನು ದೂಷಿಸುವುದಕ್ಕೆ ಸೀಮಿತವಾಗಿರಲಿಲ್ಲ. ತಮ್ಮ ಜನರ ನಡುವೆ ಬೇರೂರಿದ್ದ ತಾಳಿಕೆಟ್ಟು ಕಲ್ಯಾಣದಂತಹ ದುಬಾರಿ ವಿಧಿಗಳನ್ನೂ ಪ್ರಾಣಿಬಲಿಯನ್ನೂ ಬಿಡಿಸಿದರು. ಸೇಂದಿ ಇಳಿಸುವುದು ಅನೇಕ ಈಳವರ ಕುಲಕಸುಬಾಗಿದ್ದರೂ ಮದ್ಯದ ತಯಾರಿಕೆ, ಮಾರಾಟ, ಸೇವನೆ ಮೂರನ್ನೂ ತೊರೆಯುವಂತೆ ಬೋಧಿಸಿದರು. ಮುಂದೆ, ದೇವಾಲಯಗಳು ಸಾಕು, ಇನ್ನು ಶಾಲೆಗಳೇ ದೇವಾಲಯಗಳಾಗಲಿ ಎಂಬ ನಿಲುವಿಗೆ ಬಂದರು.

ಕರ್ನಾಟಕದ ಕರಾವಳಿಗೂ ಈ ಬೆಳಕು ತಲುಪಿತು. ದೇವಾಲಯಗಳಿಂದ ಹೊರಗುಳಿದಿದ್ದ ಬಿಲ್ಲವರ ಪರವಾಗಿ ಮುಖಂಡ ಹೊಯಿಗೆಬಜಾರ್ ಕೊರಗಪ್ಪ ಗುರುಗಳನ್ನು ಮಂಗಳೂರಿಗೆ ಆಹ್ವಾನಿಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥೇಶ್ವರನ ಪ್ರತಿಷ್ಠೆಯಾಯಿತು. ಇದೇ ಕ್ಷೇತ್ರ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿ ಗುರುಗಳ ದಾರಿಯಲ್ಲಿ ಇನ್ನೊಂದು ಹೆಜ್ಜೆಯಿಟ್ಟಿತು.

ಆದರೆ ಯಶಸ್ಸು ಹೊಸ ಅಪಾಯವನ್ನೂ ತಂದಿತು. ಜಾತಿಯನ್ನು ಮೀರಲು ಕಟ್ಟಿದ ಸಂಘಟನೆ ಒಂದು ಜಾತಿಯ ಸಂಘವಾಗುವ ಲಕ್ಷಣಗಳು ಕಂಡವು. ಗುರುಗಳು ಇದನ್ನು ಸಹಿಸಲಿಲ್ಲ. 1916ರಲ್ಲಿ, ತಾವು ಜಾತಿಮತಗಳನ್ನು ತೊರೆದು ವರ್ಷಗಳೇ ಕಳೆದಿವೆ, ತಾವು ಯಾವ ಪಂಗಡಕ್ಕೂ ಸೇರಿದವರಲ್ಲ ಎಂದು ಬಹಿರಂಗವಾಗಿ ಸಾರಿದರು. ತಾವೇ ಅಧ್ಯಕ್ಷರಾಗಿದ್ದ ಯೋಗಂನ ಬಗೆಗೂ ಅಸಮಾಧಾನ ವ್ಯಕ್ತಪಡಿಸಿದರು. ತಮ್ಮನ್ನು ಆರಾಧಿಸುವವರಿಗೆ ಅಪ್ರಿಯವಾದುದನ್ನು ಹೇಳುವುದಕ್ಕೆ ವಿರೋಧಿಗಳನ್ನು ಎದುರಿಸುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

1924ರಲ್ಲಿ ಆಲುವಾದ ಅದ್ವೈತ ಆಶ್ರಮದಲ್ಲಿ ಸರ್ವಧರ್ಮ ಸಮ್ಮೇಳನ ನಡೆಸಿದರು. ವಾದಿಸಿ ಗೆಲ್ಲುವುದಲ್ಲ, ಅರಿಯುವುದು ಮತ್ತು ಅರಿವು ನೀಡುವುದು ಅದರ ಗುರಿ. ಅದೇ ವರ್ಷ, ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಎಲ್ಲರೂ ನಡೆಯುವ ಹಕ್ಕಿಗಾಗಿ ವೈಕಂ ಸತ್ಯಾಗ್ರಹ ಆರಂಭವಾದಾಗ ತಮ್ಮ ಆಶ್ರಮವೊಂದನ್ನು ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟರು. 1922ರಲ್ಲಿ ರವೀಂದ್ರನಾಥ ಠಾಕೂರರೂ 1925ರಲ್ಲಿ ಗಾಂಧೀಜಿಯವರೂ ವರ್ಕಲದ ಶಿವಗಿರಿಗೆ ಬಂದು ಅವರನ್ನು ಕಂಡರು.

1928ರ ಸೆಪ್ಟೆಂಬರ್ 20ರಂದು, ಕೆಲಕಾಲದ ಅನಾರೋಗ್ಯದ ನಂತರ, ಗುರುಗಳು ಶಿವಗಿರಿಯಲ್ಲಿ ಸಮಾಧಿಸ್ಥರಾದರು. ಎಂಟು ವರ್ಷಗಳ ಬಳಿಕ, 1936ರಲ್ಲಿ, ತಿರುವಾಂಕೂರಿನ ಸರ್ಕಾರಿ ದೇವಾಲಯಗಳು ಎಲ್ಲ ಹಿಂದೂಗಳಿಗೂ ತೆರೆದವು.

ಗಲ್ಫ್ ದೇಶಗಳಲ್ಲಿ ನೆಲೆಸಿರುವ ಕರಾವಳಿಯವರ ಸಂಘಗಳಲ್ಲಿ ಇಂದಿಗೂ ಗುರುಜಯಂತಿ ನಡೆಯುತ್ತದೆ. ಪರದೇಶಕ್ಕೆ ಬಂದವರು ನಾವು ಭಾಷೆ, ಊಟ, ಹಬ್ಬಗಳೊಡನೆ ಜಾತಿಯನ್ನೂ ಗಂಟು ಕಟ್ಟಿಕೊಂಡು ಬಂದಿರುವುದನ್ನು ಅಲ್ಲಗಳೆಯಲಾಗದು. ನೆರವಿಗಾಗಿ ಒಂದುಗೂಡುವುದು ತಪ್ಪಲ್ಲ. ಆದರೆ ಕೂಡಿದ ಮೇಲೆ ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ಆಗಾಗ ನೋಡಿಕೊಳ್ಳಬೇಕು. 1916ರಲ್ಲಿ ಗುರುಗಳು ಮಾಡಿದ್ದು ಅದನ್ನೇ.