ಮಿಡತೆಯ ಮೊಟ್ಟೆಯನ್ನು ಅರಸಿದ ಡಾಕ್ಟರ್ ಕೋಲ್ಮನ್

ದೇವನಹಳ್ಳಿ, ವಿಜಯಪುರ, ಹೊಸಕೋಟೆಗಳ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಒಂದು ಹುಳುವಿನ ಜಾತಕ ಮನೆಮಂದಿಗೆಲ್ಲ ಬಾಯಿಪಾಠವಾಗಿರುತ್ತದೆ. ಮೊಟ್ಟೆ ಎಷ್ಟನೆಯ ದಿನ ಒಡೆದೀತು, ಚಾಕಿ ಹುಳುವಿಗೆ ಎಷ್ಟು ಎಳೆಯ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಿ ಹಾಕಬೇಕು, ಎಷ್ಟನೆಯ ಜ್ವರ ಎದ್ದ ಮೇಲೆ ಬಲಿತ ಸೊಪ್ಪನ್ನು ಕೊಡಬಹುದು, ಹಣ್ಣಾದ ಹುಳುವನ್ನು ಯಾವ ಹೊತ್ತಿಗೆ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಬಲ್ಲರು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ನಿಲ್ಲುವುದನ್ನು ಜ್ವರವೆಂದು ಕರೆದ ಒಕ್ಕಲು ಮಕ್ಕಳ ಮಾತಿನಲ್ಲಿ ಎಂಥ ಅಕ್ಕರೆಯ ನಿರೀಕ್ಷಣೆಯಿದೆ! ಆದರೆ ಅದೇ ಮನೆಯ ರಾಗಿಯ ಹೊಲಕ್ಕೆ ಬೀಳುವ ಹುಳುವಿಗೂ ಹೀಗೆಯೇ ಒಂದು ಜಾತಕವಿದೆ. ಅದನ್ನು ಕೂತು ಬರೆದವರು ಬಹುಕಾಲದವರೆಗೆ ಯಾರೂ ಇರಲಿಲ್ಲ. ಹುಳು ಕಣ್ಣಿಗೆ ಬೀಳುತ್ತಿದ್ದುದು ಎಲೆ ಮುಗಿದು ದಂಟು ಉಳಿದ ಮೇಲೆ.

ಮೈಸೂರು ಸಂಸ್ಥಾನದಲ್ಲಿ ಆ ಬರಹವನ್ನು ಸರ್ಕಾರದ ಕೆಲಸವಾಗಿ ಮೊದಲು ಕೈಗೊಂಡವರು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮಂಡ್ಯದ ಕಬ್ಬಿನ ನೆಲದಲ್ಲಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ, ಹೆಬ್ಬಾಳದ ಶಾಲೆಯಲ್ಲಿ ಅವರ ಹೆಸರು ಇಂದಿಗೂ ನಿಂತಿದೆ. ಆದರೆ ಅವರ ಎಲ್ಲ ಕೆಲಸಕ್ಕೂ ಬುನಾದಿಯಾದುದು ಕೀಟಗಳ ಮೊಟ್ಟೆಯ ಹುಡುಕಾಟವೆಂಬುದನ್ನು ಅವರನ್ನು ಹೊಗಳುವವರೂ ಸಾಮಾನ್ಯವಾಗಿ ಹೇಳುವುದಿಲ್ಲ.

ಅವರು ಹುಟ್ಟಿದುದು 1878ರಲ್ಲಿ, ಕೆನಡ ದೇಶದ ಆಂಟೇರಿಯೊ ಪ್ರಾಂತದಲ್ಲಿ. ನಮ್ಮ ನಾಡಿನಲ್ಲಿ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಮುಗಿಯುತ್ತಿದ್ದ ಕಾಲ ಅದು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದು ಮುಗಿಸಿ ಜರ್ಮನಿಗೆ ಹೋದರು. ಗಾಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಗಾಗಿ ಅವರು ಮಾಡಿದ ಸಂಶೋಧನೆ ಕೀಟಗಳನ್ನು ಕುರಿತದ್ದಲ್ಲ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ಬೆಳೆ ಹೀರಬಲ್ಲ ಲವಣವನ್ನಾಗಿ ಮಾರ್ಪಡಿಸುವ ಬಗೆ ಅವರ ವಿಷಯವಾಗಿದ್ದಿತು. ಕಣ್ಣಿಗೆ ಕಾಣದುದನ್ನು ಮಣ್ಣಿನಲ್ಲಿ ಹುಡುಕುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.

1908ರಲ್ಲಿ ಅವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕೀಟಗಳನ್ನೂ ಬೂಷ್ಟುರೋಗಗಳನ್ನೂ ಒಬ್ಬರೇ ನೋಡಿಕೊಳ್ಳಬೇಕಾದ ಹುದ್ದೆ ಅದು. ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಹೆಬ್ಬಾಳದಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಕೊಟ್ಟ 30 ಎಕರೆ ನೆಲದಲ್ಲಿ ಪ್ರಯೋಗ ಕ್ಷೇತ್ರವೊಂದು ಆಗಲೇ ಏರ್ಪಟ್ಟಿದ್ದಿತು. ಕೃಷಿ ರಸಾಯನಶಾಸ್ತ್ರಜ್ಞ ಲೇಮನ್ನರು ಅಲ್ಲಿ ಮಣ್ಣು, ಗೊಬ್ಬರಗಳ ಪರೀಕ್ಷೆ ನಡೆಸಿದ್ದರು. ಕೋಲ್ಮನ್ನರಿಗೆ ಸಹಾಯಕರಾಗಿ ಒದಗಿದವರು ಮಲಬಾರಿನ ತರುಣ ಕುಂಞಿ ಕಣ್ಣನ್. ಮುಂದೆ ಮೈಸೂರಿನ ಕೀಟಶಾಸ್ತ್ರಜ್ಞರ ಹುದ್ದೆಗೆ ಬಂದ ಮೊದಲ ಭಾರತೀಯರು ಇವರೇ.

ಆ ಕಾಲದಲ್ಲಿ ಬಯಲುಸೀಮೆಯ ರೈತನನ್ನು ಕಾಡುತ್ತಿದ್ದ ದೊಡ್ಡ ಪಿಡುಗುಗಳಲ್ಲಿ ಒಂದು ಜೋಳದ ಮಿಡತೆ. ಇದು ಆಕಾಶದಲ್ಲಿ ಮೋಡದಂತೆ ಬರುವ ಪರದೇಶದ ಮಿಡತೆಯಲ್ಲ. ಇದಕ್ಕೆ ಹಾರುವ ರೆಕ್ಕೆಯೇ ಇಲ್ಲ. ಮುಂಗಾರಿನ ಮಳೆ ಬಿದ್ದೊಡನೆ ಕಪ್ಪು ನೆಲದಲ್ಲಿ ತಾನೇ ಎದ್ದಂತೆ ಕಾಣಿಸಿಕೊಂಡು, ಜೋಳದ ಎಲೆಯನ್ನು ಅಂಚಿನಿಂದ ಕತ್ತರಿಸುತ್ತ ಒಳಕ್ಕೆ ಸಾಗಿ, ಕೊನೆಗೆ ಹಾಲುಗಟ್ಟುವ ತೆನೆಗೂ ಬಾಯಿಹಾಕುತ್ತದೆ. ಶಾಸ್ತ್ರಜ್ಞರ ಪಟ್ಟಿಗಳಲ್ಲಿ ಇದಕ್ಕೆ ಒಂದು ಹೆಸರೂ ಇರಲಿಲ್ಲ. 1910ರಲ್ಲಿ ಸ್ಪೇನ್ ದೇಶದ ಕೀಟತಜ್ಞ ಬೊಲಿವಾರ್ ಇದಕ್ಕೆ ಕೋಲ್ಮೇನಿಯ ಎಂದು ಹೊಸ ಕುಲವನ್ನೇ ಮಾಡಿ ನಾಮಕರಣ ಮಾಡಿದರು. ಪಿಡುಗಿಗೆ ತನ್ನ ಹೆಸರು ಬೀಳುವುದು ಸಾಮಾನ್ಯರಿಗೆ ಹಿತವಾಗದು. ಕೀಟಶಾಸ್ತ್ರಜ್ಞರ ಪ್ರಪಂಚದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.

ಮಿಡತೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕಾಲಡಿಯ ನೆಲದಲ್ಲಿಯೇ ಇದ್ದಿತು. ಮಳೆಗಾಲ ಕಳೆದು ಬೆಳೆ ಬಲಿಯುವ ಹೊತ್ತಿಗೆ ಹೆಣ್ಣು ಮಿಡತೆ ತನ್ನ ಹೊಟ್ಟೆಯ ತುದಿಯನ್ನು ಗೂಟದಂತೆ ನೆಲಕ್ಕೆ ಊರಿ, ಹಿಗ್ಗಿಸಿ, ಮಣ್ಣಿನೊಳಗೆ ಮೊಟ್ಟೆಯ ಗುಂಪನ್ನು ಇಟ್ಟು ಸಾಯುತ್ತದೆ. ಮೊಟ್ಟೆ ಚಳಿಗಾಲವನ್ನೂ ಬೇಸಗೆಯನ್ನೂ ಕಳೆದು ಮುಂದಿನ ಮುಂಗಾರಿಗೆ ಒಡೆಯುತ್ತದೆ. ವರ್ಷಕ್ಕೆ ಒಂದೇ ಸಂತಾನ. ಹಾಗಾದರೆ ಮಿಡತೆ ರೈತನ ಹೊಲದಲ್ಲಿ ಎಲೆ ತಿನ್ನುವುದು ಕೆಲವು ತಿಂಗಳು. ಅದೇ ಹೊಲದ ಮಣ್ಣಿನಲ್ಲಿ ಚಲನೆಯಿಲ್ಲದೆ ಬಿದ್ದಿರುವುದು ಅದಕ್ಕಿಂತ ಹೆಚ್ಚು ತಿಂಗಳು. ಆ ಬಿಡುವಿನಲ್ಲಿ ಉತ್ತರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಹಕ್ಕಿಗೆ ಆಹಾರವಾಗುತ್ತದೆ. ಉಳಿದು ಹುಟ್ಟಿದ ಮರಿಗೆ ರೆಕ್ಕೆಯಿಲ್ಲವಾದ್ದರಿಂದ, ಬಿದಿರಿನ ಚೌಕಟ್ಟಿಗೆ ಹೊಲಿದ ಚೀಲವನ್ನು ಹೊಲದ ಉದ್ದಕ್ಕೂ ಎಳೆದು ಬಾಚಿಕೊಳ್ಳಬಹುದು. ಜೋಳದ ಮಿಡತೆಯನ್ನು ಕುರಿತ ಅವರ ಪುಸ್ತಿಕೆ 1911ರಲ್ಲಿ ಹೊರಬಿತ್ತು. ಅದೇ ವರ್ಷ ಕುಂಞಿ ಕಣ್ಣನ್ನರೊಡನೆ ಬರೆದ ಬತ್ತದ ಮಿಡತೆಯ ಪುಸ್ತಿಕೆಯೂ ಪ್ರಕಟವಾಯಿತು.

ಬತ್ತದ ಮಿಡತೆಯದು ಇನ್ನೂ ಕುತೂಹಲದ ಕಥೆ. ಇದಕ್ಕೆ ರೆಕ್ಕೆಯುಂಟು. ಆದರೆ ನೀರು ನಿಲ್ಲುವ ಗದ್ದೆಯಲ್ಲಿ ಇದು ಮೊಟ್ಟೆಯಿಡಲಾರದು. ಆದ್ದರಿಂದ ಬದುವಿನ ಮಣ್ಣನ್ನು ಆರಿಸಿಕೊಳ್ಳುತ್ತದೆ. ಒಂದೆರಡು ಅಂಗುಲ ಆಳದಲ್ಲಿ ಮೊಟ್ಟೆಗಳನ್ನು ಒತ್ತಾಗಿ ಜೋಡಿಸಿ, ಸುತ್ತಲೂ ನೊರೆಯಂಥ ಒಂದು ಅಂಟನ್ನು ಸುರಿಸುತ್ತದೆ; ನೊರೆ ಆರಿ ಗಟ್ಟಿಯಾಗಿ ಮೊಟ್ಟೆಗಳಿಗೆ ಕೋಶವಾಗುತ್ತದೆ. ಮಳೆ ಬಂದೊಡನೆ ಹುಟ್ಟಿದ ಮರಿ ಮೊದಲು ಬದುವಿನ ಹುಲ್ಲನ್ನು ಮೇಯ್ದು ಬಲಿತು, ಬಳಿಕ ಪೈರಿಗೆ ಇಳಿಯುತ್ತದೆ. ಇದನ್ನು ತಿಳಿದವನಿಗೆ ಔಷಧದ ಅಂಗಡಿ ಬೇಡ. ಬೇಸಗೆಯಲ್ಲಿ ಗುದ್ದಲಿ ಹಿಡಿದು ಬದುವನ್ನು ಕೆತ್ತಿದರೆ ಮೊಟ್ಟೆಯ ಕೋಶಗಳು ಬಿಸಿಲಿಗೆ ಬೀಳುತ್ತವೆ. ಬದು ಕೆತ್ತುವುದು ನಮ್ಮ ರೈತರಿಗೆ ಹೊಸ ಕೆಲಸವೇನಲ್ಲ. ಏಕೆ ಕೆತ್ತಬೇಕು, ಯಾವಾಗ ಕೆತ್ತಬೇಕು ಎಂಬ ಅರಿವು ಮಾತ್ರ ಹೊಸತು.

ಈ ಬಗೆಯ ಉಪಾಯಗಳ ಬೆಲೆಯನ್ನು ತಿಳಿಯಬೇಕಾದರೆ ಆ ದಿನಗಳ ರೈತನ ಕೈಯಲ್ಲಿ ಏನಿದ್ದಿತೆಂಬುದನ್ನು ನೆನೆಯಬೇಕು. ಪಶ್ಚಿಮ ದೇಶಗಳಲ್ಲಿ ಎಲೆ ತಿನ್ನುವ ಹುಳುಗಳಿಗೆ ಪಾಷಾಣದ ಲವಣಗಳನ್ನು ಎರಚುವುದು ಆಗಲೇ ರೂಢಿಯಾಗಿದ್ದಿತು. ಮಳೆಯನ್ನು ನಂಬಿ ಎರಡು ಮೂರು ಎಕರೆ ರಾಗಿ ಬೆಳೆಯುವ ದೊಡ್ಡಬಳ್ಳಾಪುರ, ನೆಲಮಂಗಲಗಳ ಒಕ್ಕಲಿಗ ಪಾಷಾಣವನ್ನೂ ಪಿಚಕಾರಿಯನ್ನೂ ಎಲ್ಲಿಂದ ತಂದಾನು? ಅವನ ಬಳಿಯಿದ್ದುದು ನೇಗಿಲು, ಗುದ್ದಲಿ, ಮನೆಮಂದಿಯ ಕೈಗಳು. ಕೀಟ ಎಲ್ಲಿ ಅತ್ಯಂತ ನಿಸ್ಸಹಾಯಕವೋ ಅಲ್ಲಿ ಈ ಮೂರರಿಂದಲೇ ಅದನ್ನು ಗೆಲ್ಲಬಹುದು. ನಿಸ್ಸಹಾಯಕ ಸ್ಥಿತಿ ಎಂದರೆ ಹೆಚ್ಚಾಗಿ ಮೊಟ್ಟೆ. ಇಲ್ಲವೆ, ಮೊಟ್ಟೆಯೊಡೆದ ಮೊದಲ ಎರಡು ದಿನದ ಮರಿ.

ನಮ್ಮ ಕಡೆಯ ರಾಗಿ ಹೊಲಗಳ ಕಂಬಳಿಹುಳುವನ್ನು ನೋಡಿದರೆ ಈ ಮಾತು ಕಣ್ಣಿಗೆ ಕಟ್ಟುತ್ತದೆ. ಬೇಸಗೆಯ ಕೊನೆಯಲ್ಲಿ ಒಂದು ಒಳ್ಳೆಯ ಮಳೆ ನೆಲವನ್ನು ನೆನೆಸಿತೆಂದರೆ, ಕಳೆದ ವರ್ಷದಿಂದ ಮಣ್ಣಿನಲ್ಲಿ ಮಲಗಿದ್ದ ಕೋಶಗಳಿಂದ ಬಿಳಿಯ ರೆಕ್ಕೆಯ ಪತಂಗಗಳು ಸಂಜೆಯ ಹೊತ್ತಿಗೆ ಒಟ್ಟಾಗಿ ಹೊರಬೀಳುತ್ತವೆ. ದೀಪದ ಸುತ್ತ ಮುತ್ತುತ್ತವೆ. ಹೆಣ್ಣು ಒಂದೊಂದೂ ಎಲೆಯ ಕೆಳಮೈಗೆ ಗುಂಪು ಗುಂಪಾಗಿ 600-700 ಮೊಟ್ಟೆಯಿಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿಯಾಗುತ್ತದೆ. ಮೊದಮೊದಲು ಮರಿಗಳು ಚದುರುವುದಿಲ್ಲ. ಹುಟ್ಟಿದ ಎಲೆಯ ಅಡಿಯಲ್ಲಿಯೇ ಗುಂಪಾಗಿ ಕೂತು ಹಸಿರನ್ನು ಕೆರೆಯುತ್ತವೆ, ಎಲೆ ಜರಡಿಯಂತಾಗುತ್ತದೆ. ಆಮೇಲೆ ಮೈಮೇಲೆ ಕೆಂಚುಕೂದಲು ಬೆಳೆದು, ಹಸಿವು ಹೆಚ್ಚಿ, ಅಕ್ಕಡಿ ಸಾಲಿನ ಅವರೆ ಅಲಸಂದೆಯನ್ನೂ ರಾಗಿಯ ಎಳೆಯ ಪೈರನ್ನೂ ಬರಿದುಮಾಡಿ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ಆಗ ಮಾಡುವುದೇನು? ಆಳೆತ್ತರದ ಬೆಂಕಿ ಹಾಕಿದರೂ ಸಾಲದು. ಬಲಿತ ಹುಳು ಬದುಗಳ ಕೆಳಗೆ, ಮರದ ನೆರಳಿನ ಮಣ್ಣಿನೊಳಗೆ ಇಳಿದು ಕೋಶ ಕಟ್ಟಿ ಸುಮಾರು ಹತ್ತು ತಿಂಗಳು ಮಲಗುತ್ತದೆ.

ಲೆಕ್ಕ ಸುಲಭ. ಮೊದಲ ಮಳೆಯ ರಾತ್ರಿ ದೀಪಕ್ಕೆ ಬಂದ ಒಂದು ಹೆಣ್ಣು ಪತಂಗವನ್ನು, ಅದು ಮೊಟ್ಟೆಯಿಡುವ ಮುನ್ನ, ಹಿಡಿದು ಕೊಂದರೆ 600 ಹುಳು ತಪ್ಪಿತು. ಜರಡಿಯಾದ ಒಂದು ಎಲೆಯನ್ನು ಮಗುವೊಂದು ಕಿತ್ತು ತಂದರೆ ನೂರಾರು ಮರಿ ಒಟ್ಟಿಗೆ ಸಿಕ್ಕಿತು. ಮೂರು ವಾರ ತಡಮಾಡಿದರೆ ಊರಿಗೆ ಊರೇ ಹೊಲಕ್ಕೆ ಇಳಿದರೂ ಕೈಸೋಲುತ್ತದೆ. ಇನ್ನೊಂದು ಸಂಗತಿಯೂ ಇದೆ: ಒಬ್ಬನೇ ರೈತ ಇದನ್ನು ಮಾಡಿದರೆ ಪ್ರಯೋಜನವಿಲ್ಲ, ಪಕ್ಕದ ಹೊಲದ ಹುಳು ನಡೆದು ಬರುತ್ತದೆ. ಕೀಟಶಾಸ್ತ್ರ ಇಲ್ಲಿ ಊರೊಟ್ಟಿನ ವಿಷಯವಾಗುತ್ತದೆ. ರಾಗಿಯ ಕಾಂಡ ಕೊರೆಯುವ ಹುಳುವಿನ ಪತಂಗ ಎಲೆಯ ಬುಡದ ಸುಳಿಹೊದಿಕೆಯ ಸಂದಿನಲ್ಲಿ ಮೊಟ್ಟೆಯನ್ನು ಅಡಗಿಸುತ್ತದೆ. ಮರಿ ಹುಟ್ಟಿ ಒಳಸೇರಿದ ಮೇಲೆ ಸುಳಿ ಒಣಗಿದಾಗಲೇ ರೈತನಿಗೆ ತಿಳಿಯುವುದು. ಒಂದೊಂದು ಕೀಟಕ್ಕೂ ಒಂದೊಂದು ಗುಟ್ಟು. ಎಲ್ಲಕ್ಕೂ ಒಂದೇ ಮದ್ದೆಂಬುದು ಇಲ್ಲ.

ಕೋಲ್ಮನ್ನರ ಹೆಸರು ಮನೆಮಾತಾದುದು ಕೀಟದಿಂದಲ್ಲ, ಮಲೆನಾಡಿನ ಅಡಿಕೆಯ ಕೊಳೆರೋಗದಿಂದ. ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ಅಲ್ಲಿನವರಿಗೆ ಗೊತ್ತಿದ್ದ ಉಪಾಯ. ರೋಗ ಬೂಷ್ಟಿನಿಂದ ಬರುವುದೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸುವುದನ್ನು ಅವರು ಕಲಿಸಿದರು. ಮಲೆನಾಡಿನ ಜಡಿಮಳೆಗೆ ಅದು ತೊಳೆದುಹೋಗದಿರಲೆಂದು ರಾಳ ಮತ್ತು ಸೋಡವನ್ನು ಬೆರೆಸಿದರು. ಶತಮಾನ ಕಳೆದರೂ ತೋಟಗಳಲ್ಲಿ ಬೋರ್ಡೊ ದ್ರಾವಣ ಬಿಟ್ಟುಹೋಗಿಲ್ಲ. ಗಂಧದ ಮರಗಳನ್ನು ಒಣಗಿಸುತ್ತಿದ್ದ ಕದಿರು ರೋಗ ಕಸಿಯ ಮೂಲಕ ಒಂದು ಗಿಡದಿಂದ ಮತ್ತೊಂದಕ್ಕೆ ಅಂಟುವುದೆಂದು 1917ರಲ್ಲಿ ಅವರು ತೋರಿಸಿದರು. 1918ರಲ್ಲಿ ಕಾಫಿಯ ಶಲ್ಕಕೀಟಗಳನ್ನು ಕುರಿತು ಕುಂಞಿ ಕಣ್ಣನ್ನರೊಡನೆ ಮತ್ತೊಂದು ಪುಸ್ತಿಕೆ ಬರೆದರು. ಕಾಫಿಯ ಹಸಿರು ಶಲ್ಕಕೀಟದ ತಾಯಿ ಎಲೆಗೆ ಅಂಟಿ ಕೂತಲ್ಲಿಯೇ ರಸ ಹೀರುತ್ತ, ತನ್ನ ಬೆನ್ನಿನ ಚಿಪ್ಪಿನ ಅಡಿಯಲ್ಲಿಯೇ ಮೊಟ್ಟೆಯನ್ನು ಬಚ್ಚಿಟ್ಟುಕೊಳ್ಳುತ್ತದೆ. ಇರುವೆಗಳು ಅದು ಸುರಿಸುವ ಸಿಹಿಯ ಆಸೆಗೆ ಕಾವಲು ನಿಲ್ಲುತ್ತವೆ.

ಅಷ್ಟು ಹೊತ್ತಿಗೆ ಅವರು ಪ್ರಯೋಗಶಾಲೆಯ ಮನುಷ್ಯರಾಗಿ ಉಳಿದಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕೋಲ್ಮನ್ನರು ಕೃಷಿ ಇಲಾಖೆಯ ಡೈರೆಕ್ಟರಾದರು. ಹೆಬ್ಬಾಳದ ಕೃಷಿಶಾಲೆ ಆ ವರ್ಷವೇ ತೆರೆಯಿತು. ರಾಗಿಯ ತಳಿಗಳನ್ನು ಆರಿಸುವ ಕೆಲಸ ಅಲ್ಲಿ ಮೊದಲಾಗಿ 1918ರಲ್ಲಿ ಎಚ್ 22 ಎಂಬ ತಳಿ ಹೊರಬಂದಿತು. 1920ರಲ್ಲಿ ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಅವರೇ ಒಂದು ಪುಸ್ತಿಕೆ ಬರೆದರು. ಬಡವರ ಧಾನ್ಯವೆಂದು ಶಾಸ್ತ್ರಜ್ಞರು ತಿರುಗಿ ನೋಡದಿದ್ದ ರಾಗಿಗೆ, ಗೋದಿಯ ನಾಡಿನಿಂದ ಬಂದವರೊಬ್ಬರು ಅಷ್ಟು ಗಮನ ಕೊಟ್ಟುದು ಬೆಂಗಳೂರು ಸುತ್ತಿನವರು ಮರೆಯತಕ್ಕ ಸಂಗತಿಯಲ್ಲ. ಆದರೂ, ಮಿಡತೆಯ ಮೊಟ್ಟೆಯನ್ನು ಅಗೆದು ಎಣಿಸುತ್ತಿದ್ದ ಕೈಗೆ ಕಡತಗಳು ಬಂದುದು ಕೀಟಶಾಸ್ತ್ರಕ್ಕೆ ಆದ ನಷ್ಟವೆಂದೇ ನನಗೆ ತೋರುತ್ತದೆ. ಆ ದಾರಿಯನ್ನು ಕುಂಞಿ ಕಣ್ಣನ್ನರು ಮುಂದುವರಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರ್ ಪದವಿ ಪಡೆದು ಬಂದ ಅವರು ಖರ್ಚಿಲ್ಲದ ಉಪಾಯಗಳನ್ನೇ ಹುಡುಕಿದರು. ಕಣಜದ ಕಾಳಿನ ಮೇಲೆ ಮರಳಿನ ಒಂದು ಪದರ ಹರಡಿದರೆ, ಕಾಳಿನಿಂದ ಹೊರಬಂದ ದುಂಬಿ ಮರಳನ್ನು ತೂರಿ ಮೇಲೆ ಬರುತ್ತದೆ. ಮೊಟ್ಟೆಯಿಡಲು ಮತ್ತೆ ಕೆಳಗಿಳಿಯಲಾರದು. ಗುರುವಿನ ಪಾಠವನ್ನು ಶಿಷ್ಯರು ಎಷ್ಟು ಸೊಗಸಾಗಿ ಬೆಳೆಸಿದರೆಂಬುದಕ್ಕೆ ಇದೊಂದೇ ಸಾಕು. ಪಶ್ಚಿಮದ ನಾಗರಿಕತೆಯನ್ನು ವಿಮರ್ಶಿಸಿ ಗ್ರಂಥ ಬರೆದ ಈ ವಿಚಾರವಂತರು 1931ರಲ್ಲಿ, ಐವತ್ತು ತುಂಬುವ ಮುನ್ನವೇ, ತೀರಿಹೋದರು.

ಕೋಲ್ಮನ್ನರ ಕೊನೆಯ ವರ್ಷಗಳ ದುಡಿಮೆ ಬೇರೆ ದಿಕ್ಕಿನದು. ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರ 1925ರಲ್ಲಿ ಆರಂಭವಾಯಿತು. ಕಾವೇರಿಯ ನಾಲೆಯ ನೀರು ಮಂಡ್ಯಕ್ಕೆ ಬಂದಾಗ, 1931ರಲ್ಲಿ ಅಲ್ಲಿ ಪ್ರಯೋಗ ಕ್ಷೇತ್ರವೊಂದನ್ನು ಹೂಡಿ, ಕಬ್ಬು ಬೆಳೆಸಿ ಸಕ್ಕರೆಯ ಕಾರ್ಖಾನೆ ಕಟ್ಟಬೇಕೆಂದು ಸರ್ಕಾರವನ್ನು ಒಪ್ಪಿಸಿದವರಲ್ಲಿ ಅವರು ಮುಖ್ಯರು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು.

ಮರುವರ್ಷ ಅವರು ನಿವೃತ್ತರಾಗಿ ಕೆನಡಕ್ಕೆ ಹಿಂತಿರುಗಿದರು. ಅಲ್ಲಿ ಅಧಿಕಾರವಿರಲಿಲ್ಲ, ಇಲಾಖೆಯಿರಲಿಲ್ಲ; ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತು, ಸಸ್ಯಗಳ ಜೀವಕೋಶಗಳೊಳಗಿನ ವರ್ಣತಂತುಗಳನ್ನು ಅಭ್ಯಾಸಮಾಡಿ ಪ್ರಬಂಧಗಳನ್ನು ಬರೆದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. ಕೋಲ್ಮನ್ನರು ತೀರಿಕೊಂಡುದು 1954ರಲ್ಲಿ. ಅದಾದ ಹತ್ತು ವರ್ಷಕ್ಕೆ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ ಹೆಬ್ಬಾಳದ ಕಾಲೇಜು ಅದರೊಳಗೆ ಸೇರಿತು.