ಇಲವಾಲಕ್ಕೆ ಬಂದ ವಿನೋಬಾ ಯಾವ ನಾಡಿನವರು?

1957ರ ಸೆಪ್ಟೆಂಬರ್ 21 ಮತ್ತು 22ರಂದು ಮೈಸೂರಿನ ಪಕ್ಕದ ಇಲವಾಲದಲ್ಲಿ ದೇಶದ ಅಧಿಕಾರಕೇಂದ್ರವೇ ಬೀಡುಬಿಟ್ಟಿತ್ತು. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್, ಪ್ರಧಾನಿ ಜವಾಹರಲಾಲ್ ನೆಹರೂ, ಗೃಹ ಸಚಿವ ಗೋವಿಂದ ವಲ್ಲಭ ಪಂತ್, ಕಾಂಗ್ರೆಸ್ ಅಧ್ಯಕ್ಷ ಯು.ಎನ್. ಧೇಬರ್, ಜಯಪ್ರಕಾಶ ನಾರಾಯಣ್, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಎಲ್ಲರೂ ಹುಣಸೂರು ರಸ್ತೆಯ ಈ ಹೋಬಳಿ ಕೇಂದ್ರಕ್ಕೆ ಬಂದಿದ್ದರು. ಸರ್ವ ಸೇವಾ ಸಂಘ ಏರ್ಪಡಿಸಿದ್ದ ಗ್ರಾಮದಾನ ಪರಿಷತ್ತು ಅದು. ಎರಡು ವರ್ಷ ಕಳೆಯುವುದರೊಳಗೆ ನಂಬೂದಿರಿಪಾಡರ ಸರಕಾರವನ್ನು ವಜಾ ಮಾಡಿದ ಕೇಂದ್ರ ಸರಕಾರದ ಪ್ರಮುಖರು ಅಂದು ಅವರೊಂದಿಗೆ ಕುಳಿತು ಒಂದೇ ಹೇಳಿಕೆಗೆ ಸಮ್ಮತಿಸಿದರು ಎಂಬುದೇ ಒಂದು ಸೋಜಿಗ. ಅವರೆಲ್ಲರನ್ನೂ ಅಲ್ಲಿಗೆ ಎಳೆದು ತಂದವರು ಯಾವ ಪದವಿಯೂ ಇಲ್ಲದ, ಊರಿಂದೂರಿಗೆ ಕಾಲ್ನಡಿಗೆಯಲ್ಲೇ ಸಾಗುತ್ತಿದ್ದ, ಅರವತ್ತೆರಡು ವರ್ಷದ ಕೃಶಕಾಯದ ಆಚಾರ್ಯ ವಿನೋಬಾ ಭಾವೆ.

ಇಡೀ ರಾಷ್ಟ್ರದ ನಾಯಕತ್ವ ತಮ್ಮೆದುರು ಬಂದು ಕುಳಿತ ಅದೇ ಕರ್ನಾಟಕ ಯಾತ್ರೆಯಲ್ಲಿ ವಿನೋಬಾ ರಾಷ್ಟ್ರದ ಜಯಘೋಷವನ್ನು ದಾಟಿ ಹೋದರು. ಸಭೆಗಳ ಕೊನೆಯಲ್ಲಿ ಜೈ ಹಿಂದ್ ಎನ್ನುವ ಬದಲು ಜೈ ಜಗತ್ ಎನ್ನುವ ರೂಢಿ ಆರಂಭವಾದದ್ದು ಆ ದಿನಗಳಲ್ಲಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಷ್ಟೇ ಆಗಿದ್ದ, ಭಾಷಾವಾರು ರಾಜ್ಯಗಳು ಹುಟ್ಟಿ ಒಂದು ವರ್ಷವೂ ತುಂಬಿರದ ಹೊತ್ತಿನಲ್ಲಿ ಈ ಮಾತು ಎಷ್ಟು ಜನರಿಗೆ ರುಚಿಸಿತೋ! ಆದರೆ ವಿನೋಬಾ ಅವರ ಬದುಕನ್ನು ಹಿಂದಿರುಗಿ ನೋಡಿದರೆ ಇದು ಹಠಾತ್ತನೆ ಹೊಳೆದ ಘೋಷಣೆ ಅನ್ನಿಸುವುದಿಲ್ಲ. ಯಾರು ಎಲ್ಲಿಯವರು ಎಂಬ ಪ್ರಶ್ನೆ ಅವರನ್ನು ಹುಟ್ಟಿನಿಂದಲೇ ಹಿಂಬಾಲಿಸಿತ್ತು.

ವಿನಾಯಕ ನರಹರಿ ಭಾವೆ ಹುಟ್ಟಿದ್ದು 1895ರ ಸೆಪ್ಟೆಂಬರ್ 11ರಂದು, ಕೊಂಕಣದ ಕೊಲಾಬಾ ಜಿಲ್ಲೆಯ ಗಾಗೋದೆ ಎಂಬ ಹಳ್ಳಿಯಲ್ಲಿ. ತಂದೆ ನರಹರಿ ಶಂಭುರಾವ್ ಉದ್ಯೋಗಕ್ಕಾಗಿ ಬರೋಡಾ ಸೇರಿದವರು. ತಾಯಿ ರುಕ್ಮಿಣಿದೇವಿ ಕನ್ನಡ ಸೀಮೆಯಿಂದ ಆ ಮನೆಗೆ ಬಂದವರು. ತಾಯಿ ಕನ್ನಡನಾಡಿನವರಾದರೂ ಮಗನ ತಾಯಿನುಡಿ ಮರಾಠಿಯಾಯಿತು. ಶಾಲೆಗೆ ಹೋದದ್ದು ಗುಜರಾತಿ ನೆಲದಲ್ಲಿ. ಜನಗಣತಿಯ ಹಾಳೆಯಲ್ಲಿ ತಾಯಿನುಡಿಗೆ ಇರುವುದು ಒಂದೇ ಕಲಮು. ಇಂಥ ಮನೆಗಳ ನಿಜ ಸಂಗತಿ ಆ ಒಂದು ಕಲಮಿನಲ್ಲಿ ಹಿಡಿಯುವುದಿಲ್ಲ.

ಕಾನೂನಿನ ಕಣ್ಣಿಗೂ ವಿಷಯ ಸರಳವಾಗಿರಲಿಲ್ಲ. ಕೊಲಾಬಾ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದರಿಂದ ವಿನಾಯಕ ಹುಟ್ಟಿನಿಂದ ಬ್ರಿಟಿಷ್ ಪ್ರಜೆ. ಬೆಳೆದ ಬರೋಡಾ ಗಾಯಕವಾಡರ ಸಂಸ್ಥಾನ. ಅಲ್ಲಿ ಹುಟ್ಟಿದ ಸಹಪಾಠಿಗಳು ಮಹಾರಾಜರ ಪ್ರಜೆಗಳು, ಬ್ರಿಟಿಷರ ಲೆಕ್ಕದಲ್ಲಿ ರಕ್ಷಿತರು ಮಾತ್ರ. ನಮ್ಮ ಮೈಸೂರಿನವರ ಸ್ಥಿತಿಯೂ ಅದೇ ಆಗಿತ್ತು. ಒಂದೇ ಬೆಂಚಿನಲ್ಲಿ ಕುಳಿತ ಹುಡುಗರ ನಡುವೆ ಇದ್ದ ಈ ಗೆರೆ ಅಳಿಸಿದ್ದು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಿಂದ. ಅದು ರಾಜ್ಯಕ್ಕೊಂದು ಪೌರತ್ವ ಕೊಡಲಿಲ್ಲ. ಮೈಸೂರಿನವರಿಗೂ ಬರೋಡಾದವರಿಗೂ ಭಾರತದ ಪೌರತ್ವ ಒಂದೇ ಎಂದಿತು.

ಕಾಗದಪತ್ರಗಳ ಬಗ್ಗೆ ವಿನಾಯಕನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಶಾಲಾ ಪ್ರಮಾಣಪತ್ರಗಳನ್ನು ತಾಯಿಯ ಕಣ್ಣೆದುರೇ ಒಲೆಗೆ ಹಾಕಿದ ಹುಡುಗ ಆತ. 1916ರಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಮುಂಬಯಿ ರೈಲು ಹತ್ತಿ, ನಡುವೆ ಸೂರತ್‌ನಲ್ಲಿ ಇಳಿದು, ಕಾಶಿಯ ದಾರಿ ಹಿಡಿದ. ಹಿಮಾಲಯದ ಶಾಂತಿ ಬೇಕೋ ಬಂಗಾಳದ ಕ್ರಾಂತಿ ಬೇಕೋ ಎಂಬ ತಾಕಲಾಟದಲ್ಲಿದ್ದಾಗ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಾಂಧಿ ಮಾಡಿದ ಭಾಷಣದ ವರದಿ ಓದಿ ಪತ್ರ ಬರೆದರು. ಅದೇ ಜೂನ್ 7ರಂದು ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ ಇಬ್ಬರೂ ಭೇಟಿಯಾದರು. ಆಶ್ರಮದಲ್ಲಿ ಬಂದ ಹೆಸರೇ ವಿನೋಬಾ. 1921ರಲ್ಲಿ ವಾರ್ಧಾ ಆಶ್ರಮದ ಹೊಣೆ, 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆವಾಸ, 1940ರ ಅಕ್ಟೋಬರ್‌ನಲ್ಲಿ ವೈಯಕ್ತಿಕ ಸತ್ಯಾಗ್ರಹದ ಮೊದಲ ಸತ್ಯಾಗ್ರಹಿಯಾಗಿ ಗಾಂಧಿಯವರಿಂದ ಆಯ್ಕೆ.

ಜೈಲು ಅವರಿಗೆ ಪಾಠಶಾಲೆಯಾಯಿತು ಎಂಬುದು ಸವಕಲು ಮಾತಾದರೂ ಇಲ್ಲಿ ಅಕ್ಷರಶಃ ನಿಜ. 1932ರಲ್ಲಿ ಧುಳೆ ಜೈಲಿನಲ್ಲಿ ಕೈದಿಗಳಿಗೆ ಮರಾಠಿಯಲ್ಲಿ ನೀಡಿದ ಗೀತಾ ಪ್ರವಚನಗಳನ್ನು ಸಾನೆ ಗುರೂಜಿ ಬರೆದುಕೊಂಡರು. ಮುಂದೆ ಅವು ಕನ್ನಡವೂ ಸೇರಿ ದೇಶದ ಹಲವು ಭಾಷೆಗಳಿಗೆ ಬಂದವು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ವೆಲ್ಲೂರು ಜೈಲಿಗೆ ಕಳಿಸಿದಾಗ ದಕ್ಷಿಣದ ನಾಲ್ಕೂ ಭಾಷೆಗಳನ್ನು ಒಟ್ಟಿಗೇ ಕಲಿಯತೊಡಗಿದರು. ತಾಯಿಯ ಸೀಮೆಯ ನುಡಿ ಅವರಿಗೆ ಅಭ್ಯಾಸದಿಂದ ದಕ್ಕಿದ್ದು ಹೀಗೆ, ಬ್ರಿಟಿಷರ ಸೆರೆಮನೆಯಲ್ಲಿ, ನಲವತ್ತೇಳು ದಾಟಿದ ಮೇಲೆ.

ದೇಶ ಒಡೆದಾಗ ಪ್ರಶ್ನೆ ಇನ್ನಷ್ಟು ಕ್ರೂರವಾಗಿ ಎದುರಾಯಿತು. ಗುಡಗಾಂವ್, ಅಲವರ್ ಸುತ್ತಲಿನ ಮೇವ್ ಮುಸಲ್ಮಾನರು ಶತಮಾನಗಳಿಂದ ಅಲ್ಲಿಯ ಒಕ್ಕಲು ಮಕ್ಕಳು. ಒಂದೇ ವರ್ಷದಲ್ಲಿ ಅವರು ತಮ್ಮದೇ ಹೊಲಗಳಲ್ಲಿ ಪರದೇಶಿಗಳಾದರು. ಕೆಲವರು ಗಡಿ ದಾಟಿದರು, ಉಳಿದವರು ಶಿಬಿರಗಳಲ್ಲಿ ಕುಳಿತರು. ಗಾಂಧಿ 1947ರ ಡಿಸೆಂಬರ್‌ನಲ್ಲಿ ಅವರ ನಡುವೆ ಹೋಗಿ ಊರು ಬಿಡದಂತೆ ಕೇಳಿಕೊಂಡಿದ್ದರು. ಗಾಂಧಿಯ ಹತ್ಯೆಯ ನಂತರ ನೆಹರೂ ಕೋರಿಕೆಯಂತೆ ವಿನೋಬಾ 1948ರಲ್ಲಿ ತಿಂಗಳುಗಟ್ಟಲೆ ನಿರಾಶ್ರಿತರ ನಡುವೆ ದುಡಿದರು. ಮೇವರಿಗೆ ಭೂಮಿ ಮರಳಿ ಕೊಡಿಸಲು ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದರು. ಧರ್ಮ ನೋಡಿ ನಾಡು ಹಂಚಿದರೆ ಕಟ್ಟಕಡೆಗೆ ನಷ್ಟವಾಗುವುದು ನೆಲ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಮೂರು ವರ್ಷದ ಮೇಲೆ ತೆಲಂಗಾಣದಲ್ಲಿ ನಡೆದದ್ದಕ್ಕೆ ಬೀಜ ಇಲ್ಲಿಯೇ ಬಿದ್ದಿತ್ತು ಎಂಬುದು ಈ ಲೇಖಕನ ಊಹೆ.

ಭೂದಾನದ ಕಥೆ ಎಲ್ಲರೂ ಬಲ್ಲದ್ದು. 1951ರ ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಹರಿಜನರು 80 ಎಕರೆ ಕೇಳಿದರು, ರಾಮಚಂದ್ರ ರೆಡ್ಡಿ 100 ಎಕರೆ ಕೊಟ್ಟರು, ಹದಿಮೂರು ವರ್ಷಗಳ ಪಾದಯಾತ್ರೆ ಶುರುವಾಯಿತು. 1957ರೊಳಗೆ ಐದು ಕೋಟಿ ಎಕರೆ ಎಂಬ ಗುರಿ. ಬಂದದ್ದು ನಲವತ್ತು ಲಕ್ಷ ಎಕರೆಗಿಂತ ತುಸು ಹೆಚ್ಚು, ಅದರಲ್ಲೂ ಉಳಲು ಬಾರದ ನೆಲ ಸಾಕಷ್ಟಿತ್ತು. ಇಲವಾಲದ ಪರಿಷತ್ತು ಸೇರಿದ್ದು ಈ ಗಡುವು ಮುಗಿಯುತ್ತಿದ್ದ ವರ್ಷದಲ್ಲಿ ಎಂಬುದನ್ನು ಮರೆಯಬಾರದು. 1955ರಲ್ಲಿ ಪುರಿಯ ಜಗನ್ನಾಥ ದೇವಾಲಯದ ಬಾಗಿಲಿಂದ ವಿನೋಬಾ ಹಿಂದಿರುಗಿದ ಪ್ರಸಂಗವೂ ಇಲ್ಲಿ ನೆನೆಯತಕ್ಕದ್ದು. ಜೊತೆಗಿದ್ದ ಫ್ರೆಂಚ್ ಮಹಿಳೆಗೆ ಪ್ರವೇಶವಿಲ್ಲ ಎಂದಾಗ ತಾವೂ ಒಳಗೆ ಹೋಗಲಿಲ್ಲ. ಜಗತ್ತಿನ ನಾಥನ ಗುಡಿಯಲ್ಲಿ ಜಗತ್ತಿಗೆ ಜಾಗವಿರಲಿಲ್ಲ.

1956ರ ನವೆಂಬರ್ 1ರಂದು ದೇಶದ ನಕಾಶೆ ಬದಲಾಯಿತು. ಕನ್ನಡಿಗರ ದಶಕಗಳ ಹೋರಾಟ ಫಲಿಸಿ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಅದೇ ದಿನ ಕಾಸರಗೋಡಿನ ಕನ್ನಡಿಗರು ಕೇರಳದ ಪಾಲಾದರು. ಸಂತೋಷ ಮತ್ತು ಸಂಕಟ ಒಂದೇ ತಾರೀಖಿನಲ್ಲಿ ಬಂದವು. 1957ರ ಆಗಸ್ಟ್‌ನಲ್ಲಿ ಕೇರಳದ ಯಾತ್ರೆ ಮುಗಿಸಿದ ವಿನೋಬಾ ಮಂಜೇಶ್ವರದ ಕಡೆಯಿಂದಲೇ ಮೈಸೂರು ರಾಜ್ಯಕ್ಕೆ ಕಾಲಿಟ್ಟರು. ಹೊಸ ಗಡಿಯ ಎರಡೂ ಬದಿಯಲ್ಲಿ ಅದೇ ಕನ್ನಡ, ಅದೇ ತುಳು, ಅದೇ ತೆಂಗಿನ ತೋಟ. ನಡೆದು ಬರುವವನಿಗೆ ಗಡಿ ಕಾಣಿಸುವುದಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವವನಿಗೆ ಮಾತ್ರ ಕಾಣಿಸುತ್ತದೆ. ಹತ್ತು ವರ್ಷದ ಮೇಲೆ, 1967ರಲ್ಲಿ, ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು.

ಇಲವಾಲದಲ್ಲಿ ಚರ್ಚೆಯಾದ ಗ್ರಾಮದಾನ ಮೇಲ್ನೋಟಕ್ಕೆ ಭೂಸುಧಾರಣೆಯ ವಿಷಯ. ಊರಿನ ಜನ ತಮ್ಮ ಜಮೀನಿನ ಒಡೆತನವನ್ನು ಇಡೀ ಊರಿನ ಹೆಸರಿಗೆ ಒಪ್ಪಿಸುವುದು, ಸಾಗುವಳಿ ಮಾತ್ರ ಕುಟುಂಬಗಳಿಗೆ ಬಿಡುವುದು, ವಯಸ್ಕರೆಲ್ಲರೂ ಸೇರಿದ ಗ್ರಾಮಸಭೆ ತೀರ್ಮಾನ ಮಾಡುವುದು ಅದರ ಸಾರ. ಆದರೆ ಇದರೊಳಗೆ ಊರಿನವನು ಯಾರು ಎಂಬ ಪ್ರಶ್ನೆಗೆ ಹೊಸ ಉತ್ತರವೊಂದಿತ್ತು. ನಮ್ಮ ಹಳ್ಳಿಗಳಲ್ಲಿ ಪಹಣಿಯಲ್ಲಿ ಹೆಸರಿದ್ದವನು ಊರಿನವನು. ಮೂರು ತಲೆಮಾರು ಅದೇ ಹೊಲದಲ್ಲಿ ಕೂಲಿ ಮಾಡಿದವನು ಇನ್ನೂ ಕೇರಿಯವನು. ಗ್ರಾಮದಾನದಲ್ಲಿ ಇಬ್ಬರ ಕೈಯೂ ಒಂದೇ ಲೆಕ್ಕ. ಹುಟ್ಟು, ಜಾತಿ, ದಸ್ತಾವೇಜು ಇವುಗಳಿಗಿಂತ ಕೂಡಿ ಬಾಳುವ ಒಪ್ಪಂದವೇ ಮನುಷ್ಯನನ್ನು ಒಂದು ನೆಲಕ್ಕೆ ಸೇರಿದವನನ್ನಾಗಿ ಮಾಡುತ್ತದೆ ಎಂಬ ನಿಲುವು ಅದು. ಪರಿಷತ್ತು ಚಳವಳಿಯನ್ನು ಮೆಚ್ಚಿತು, ಸರಕಾರದ ಸಮುದಾಯ ಅಭಿವೃದ್ಧಿ ಯೋಜನೆಗೂ ಗ್ರಾಮದಾನಕ್ಕೂ ಸಹಕಾರ ಇರಬೇಕೆಂದಿತು. ನಾಯಕರು ದಿಲ್ಲಿಗೆ ಮರಳಿದರು.

ಜೈ ಜಗತ್ ಎಂಬುದು ಈ ನಿಲುವಿನ ಇನ್ನೊಂದು ತುದಿ. ಒಂದು ಕಡೆ ಗ್ರಾಮ, ಇನ್ನೊಂದು ಕಡೆ ವಿಶ್ವ. ನಡುವಿನ ಜಿಲ್ಲೆ, ರಾಜ್ಯ, ರಾಷ್ಟ್ರಗಳೆಲ್ಲ ಬರಬರುತ್ತ ತೆಳುವಾಗಬೇಕು ಎಂಬುದು ವಿನೋಬಾ ವಿಚಾರ. ಕೇಳಲು ಸೊಗಸಾದ ಈ ವಿಚಾರಕ್ಕೆ ಒಂದು ತೊಡಕಿದೆ. ತನ್ನ ಪೌರತ್ವವನ್ನು ಯಾರೂ ಪ್ರಶ್ನಿಸದಿರುವವನಿಗೆ ಅದನ್ನು ಮೀರಿ ಮಾತನಾಡುವುದು ಸುಲಭ. ಅದು ಇಲ್ಲದವನಿಗೆ ಮೊದಲು ಬೇಕಾಗಿರುವುದು ಜಗತ್ತಲ್ಲ, ಒಂದು ದೇಶ.

ಇಲವಾಲದಿಂದ ಅದೇ ರಸ್ತೆಯಲ್ಲಿ ಹುಣಸೂರು ದಾಟಿ ಮುಂದೆ ಹೋದರೆ ಬೈಲಕುಪ್ಪೆ ಸಿಗುತ್ತದೆ. ಪರಿಷತ್ತು ನಡೆದ ಕೆಲವೇ ವರ್ಷಗಳಲ್ಲಿ, 1960ರ ದಶಕದ ಆರಂಭದಲ್ಲಿ, ಮೈಸೂರು ಸರಕಾರ ಗುತ್ತಿಗೆಗೆ ಕೊಟ್ಟ ಕಾಡುನೆಲದಲ್ಲಿ ಟಿಬೆಟನ್ ನಿರಾಶ್ರಿತರು ಜೋಳ ಬೆಳೆಯತೊಡಗಿದರು. ಅವರ ಮಕ್ಕಳು ಇಲ್ಲೇ ಹುಟ್ಟಿದರು, ಕನ್ನಡ ಕಲಿತರು, ಆದರೂ ದಶಕಗಳ ಕಾಲ ನೋಂದಣಿ ಪತ್ರ ಹಿಡಿದ ವಿದೇಶಿಯರಾಗಿಯೇ ಇದ್ದರು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. 2014ರಲ್ಲಿ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿದಾಗ ಕೆಲವರು ಸೇರಿದರು, ಕೆಲವರು ಟಿಬೆಟ್ ಎಂಬ ಹೆಸರೇ ಕರಗಿಹೋದೀತೆಂದು ದೂರ ಉಳಿದರು. ಜಗತ್ತಿನ ಪೌರತ್ವದ ಬಗ್ಗೆ ಬೈಲಕುಪ್ಪೆಯ ಹಿರಿಯರ ಅಭಿಪ್ರಾಯ ಬೇರೆಯೇ ಇದ್ದೀತು.

ವಿನೋಬಾ ಅವರಿಗೆ ಈ ತೊಡಕು ತಿಳಿಯದೇ ಇರಲಿಲ್ಲ. 1962ರ ಜೂನ್‌ನಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಯುವಕರು ಅಣ್ವಸ್ತ್ರದ ವಿರುದ್ಧ ದಿಲ್ಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿಗೆ ಪಾದಯಾತ್ರೆ ಹೊರಟಾಗ ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿ ಎಂಬ ಸಲಹೆ ವಿನೋಬಾ ಅವರದೇ. ಹಣವಿಲ್ಲದೆ ಪಾಕಿಸ್ತಾನವನ್ನೂ ದಾಟಿದರು. ಪಾಸ್‌ಪೋರ್ಟ್ ಇಲ್ಲದೆ ದಾಟಲು ಆಗುತ್ತಿತ್ತೇ? ಫ್ರಾನ್ಸ್‌ನಲ್ಲಿ ಪೊಲೀಸರು ಹಿಡಿದು ಇಂಗ್ಲೆಂಡಿಗೆ ಸಾಗಹಾಕಿದರು. ಅದೇ ಸೆಪ್ಟೆಂಬರ್‌ನಲ್ಲಿ ವಿನೋಬಾ ಅಸ್ಸಾಮಿನಿಂದ ಬಂಗಾಳಕ್ಕೆ ಬರುವಾಗ ಹದಿನಾರು ದಿನ ಪೂರ್ವ ಪಾಕಿಸ್ತಾನದೊಳಗೆ ನಡೆದರು, ಅದೂ ಎರಡು ಸರಕಾರಗಳ ಅನುಮತಿ ಪಡೆದೇ. ಅಲ್ಲಿಯೂ ಭೂದಾನ ಕೇಳಿದರು, ಮುಸಲ್ಮಾನ ರೈತರು ಕೊಟ್ಟರು. ಬೇರೆ ದೇಶದವನೊಬ್ಬ ಬಂದು ನೆಲ ಕೇಳಿದರೆ ಕೊಟ್ಟ ಪ್ರಸಂಗ ಇತಿಹಾಸದಲ್ಲಿ ಅಪರೂಪ. ಆದರೆ ಮರುತಿಂಗಳೇ ಚೀನಾ ಯುದ್ಧ ಬಂದಾಗ ವಿನೋಬಾ ತಟಸ್ಥರಾಗಲಿಲ್ಲ. ಆಕ್ರಮಣವನ್ನು ಆಕ್ರಮಣವೆಂದೇ ಕರೆದು ಭಾರತದ ಪಕ್ಷ ವಹಿಸಿದರು. ಜೈ ಜಗತ್ ಎಂದವರು ಹೀಗೆ ಮಾಡಬಹುದೇ ಎಂದು ಶಾಂತಿವಾದಿಗಳು ಹುಬ್ಬೇರಿಸಿದರು.

ಭಾಷೆಯ ವಿಷಯದಲ್ಲೂ ಅವರನ್ನು ಒಂದು ಗುಂಪಿಗೆ ಸೇರಿಸುವುದು ಕಷ್ಟ. 1965ರ ಫೆಬ್ರವರಿಯಲ್ಲಿ ಹಿಂದಿ ವಿರೋಧಿ ಚಳವಳಿಯಿಂದ ಮದ್ರಾಸ್ ರಾಜ್ಯ ಹೊತ್ತಿ ಉರಿದಾಗ ಅವರು ಐದು ದಿನ ಉಪವಾಸ ಕೂತರು. ಹಿಂದಿಯನ್ನೂ ಹೇರಬಾರದು, ಇಂಗ್ಲಿಷನ್ನೂ ಹೇರಬಾರದು, ಹಿಂಸೆ ಕೂಡದು ಎಂಬ ಮೂರು ಸೂತ್ರ ಮುಂದಿಟ್ಟರು. ಎಲ್ಲ ಭಾರತೀಯ ಭಾಷೆಗಳನ್ನೂ ಸ್ವಂತ ಲಿಪಿಯ ಜೊತೆಗೆ ನಾಗರಿಯಲ್ಲೂ ಬರೆಯಬೇಕು ಎಂಬ ಅವರ ಪ್ರಿಯವಾದ ಸಲಹೆ ಮಾತ್ರ ಕನ್ನಡಿಗರಿಗೆ ಒಗ್ಗಲಿಲ್ಲ. ಒಗ್ಗದ್ದು ಸರಿಯಾಗಿಯೇ ಇತ್ತು. ಲಿಪಿಯೂ ಒಂದು ನಾಡಿನ ನೆನಪು. ನಾಲ್ಕು ದಕ್ಷಿಣ ಭಾಷೆಗಳ ಲಿಪಿ ಕಲಿತವರಿಗೆ ಇದು ಹೊಳೆಯದೇ ಹೋದದ್ದು ಆಶ್ಚರ್ಯ.

ಕೊನೆಯ ವರ್ಷಗಳಲ್ಲಿ ವಿನೋಬಾ ಪವನಾರ್ ಆಶ್ರಮದಲ್ಲೇ ನಿಂತರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ಮೌನವ್ರತದಲ್ಲಿದ್ದರು. ಅವರು ಬರೆದು ತೋರಿಸಿದ ಅನುಶಾಸನ ಪರ್ವ ಎಂಬ ಎರಡು ಪದಗಳನ್ನು ಸರಕಾರ ಗೋಡೆ ಗೋಡೆಗೂ ಅಂಟಿಸಿತು. ಇಲವಾಲದಲ್ಲಿ ಜೊತೆಗಿದ್ದ ಜೆಪಿ ಬಂಧನಕ್ಕೊಳಗಾದರು. ಸರ್ವೋದಯ ಬಳಗ ಒಡೆಯಿತು. ಗ್ರಾಮ ಮತ್ತು ವಿಶ್ವದ ನಡುವೆ ಪ್ರಭುತ್ವ ತೆಳುವಾಗಬೇಕೆಂದವರು ಪ್ರಭುತ್ವ ಅತ್ಯಂತ ದಪ್ಪವಾಗಿದ್ದ ದಿನಗಳಲ್ಲಿ ಅದಕ್ಕೆ ಎದುರಾಗಲಿಲ್ಲ ಎಂಬ ಕೊರಗು ಅವರ ಅಭಿಮಾನಿಗಳಲ್ಲೂ ಇದೆ.

1982ರ ನವೆಂಬರ್‌ನಲ್ಲಿ ಕಾಯಿಲೆ ಬಿದ್ದಾಗ ಅನ್ನ, ನೀರು, ಔಷಧಗಳನ್ನು ನಿರಾಕರಿಸಿದ ವಿನೋಬಾ 15ರಂದು ಪವನಾರ್‌ನಲ್ಲಿ ದೇಹ ಬಿಟ್ಟರು. ಮರುವರ್ಷ ರಾಷ್ಟ್ರ ಅವರಿಗೆ ಮರಣೋತ್ತರವಾಗಿ ಭಾರತರತ್ನ ನೀಡಿತು. ದೇಶದ ಆರು ಕಡೆ ಅವರು ನೆಲೆಗೊಳಿಸಿದ ಆಶ್ರಮಗಳಲ್ಲಿ ಒಂದಾದ ವಲ್ಲಭನಿಕೇತನ ಇರುವುದು ಬೆಂಗಳೂರಿನಲ್ಲಿ.